ಒಬ್ಬಳೇ ತಿಂದ ಅಂಟಿನುಂಡೆ

ನಮ್ಮ ಯಜಮಾನರ ಅಕ್ಕನನ್ನು ದಯವಿಟ್ಟು ಯಾರೂ ಊಟಕ್ಕೆ ಕರೆಯಬೇಡಿ. ಕರೆದರೆ ಅವರು ತಮ್ಮ ತಟ್ಟೆ ನೋಡಿಕೊಳ್ಳುವುದಿಲ್ಲ, ನಿಮ್ಮದನ್ನು ನೋಡುತ್ತಾರೆ. ನೋಡಿ, ನಿಮಗೆ ಮಕ್ಕಳಾಗುತ್ತವೋ ಇಲ್ಲವೋ ಎಂಬುದನ್ನು ಅಲ್ಲೇ, ಮಜ್ಜಿಗೆ ಬರುವ ಮೊದಲೇ ಹೇಳಿಬಿಡುತ್ತಾರೆ! ವಯಸ್ಸು ಎಂಬತ್ತೈದು. ಮನೆ ಹರಿಹರದಲ್ಲಿ, ಗದ್ದೆ ನಂದಿಗುಡಿಯ ಹತ್ತಿರ. ಓದಿದ್ದು ನಾಲ್ಕನೇ ಕ್ಲಾಸು. ಕಾನ್ಫಿಡೆನ್ಸ್ ಮಾತ್ರ ದೊಡ್ಡ ಡಾಕ್ಟರದ್ದು.

ಈ ವಿದ್ಯೆಯನ್ನು ಅವರು ಪಳಗಿಸಿಕೊಂಡದ್ದು ನನ್ನ ಮೇಲೆ. ಮದುವೆಯಾಗಿ ಎರಡು ವರ್ಷವಾದರೂ ನಾನು ಬಸಿರಾಗಲಿಲ್ಲ. ಮೂರನೇ ವರ್ಷ ಹರಿಹರದ ಬಸ್ಸಿನಿಂದ ಅಕ್ಕನ ಜೊತೆ ಒಂದು ಸ್ಟೀಲ್ ಡಬ್ಬಿ ಇಳಿಯಿತು. ಒಳಗೆ ಅಂಟಿನುಂಡೆ. ಮರದ ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಬಾಣಂತಿಯರಿಗೆಂದು ಕಟ್ಟುವ ಉಂಡೆ!

“ಅಕ್ಕಾ, ಇದು ಹೆತ್ತ ಮೇಲೆ ತಿನ್ನೋದಲ್ವಾ?”

“ಮೊದ್ಲೇ ತಿಂದ್ರೆ ಹೊಟ್ಟೆಗೆ ನೆನಪಾಕ್ಕತಿ. ಸುಮ್ನೆ ತಿನ್ನು, ಕಾನ್ವೆಂಟು.”

ಕಾನ್ವೆಂಟು ಎಂದರೆ ನಾನೇ. ಸಿಸ್ಟರ್‌ಗಳ ಹತ್ತಿರ ಓದಿ ಬಂದು ಚಮಚದಲ್ಲಿ ಅನ್ನ ತಿನ್ನುತ್ತಿದ್ದ ತಮ್ಮನ ಹೆಂಡತಿಗೆ ಅವರಿಟ್ಟ ಹೆಸರು. ಆ ಸಿಸ್ಟರ್‌ಗಳು ನಮಗೆ ಟೇಬಲ್ ಮ್ಯಾನರ್ಸ್ ಕಲಿಸಿದ್ದರು: ಎಲ್ಲರಿಗೂ ಬಡಿಸಿಯಾಗುವವರೆಗೆ ಕಾಯಬೇಕು, ಒಟ್ಟಿಗೆ ಶುರು ಮಾಡಬೇಕು. ಆದರೆ ಆ ಉಂಡೆಯನ್ನು ನಾನು ತಿಂದದ್ದು ಒಬ್ಬಳೇ, ಅಡುಗೆಮನೆಯ ಬಾಗಿಲ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು. ಯಾರಾದರೂ ನೋಡಿದರೆ ದೃಷ್ಟಿಯಾಗುತ್ತದಂತೆ!

ಉಂಡೆಯ ಹಿಂದೆ ನುಗ್ಗೆಸೊಪ್ಪು ಬಂತು, ಕರಿ ಎಳ್ಳು ಬಂತು, ಅಶ್ವಗಂಧದ ಹಾಲು ಬಂತು. ಪರಂಗಿ ಹಣ್ಣು ಬ್ಯಾನ್, ಅನಾನಸ್ ಬ್ಯಾನ್. ಬದನೆಕಾಯಿ ಯಾಕೆ ಬ್ಯಾನ್ ಎಂದರೆ, “ಅದರ ಮುಖ ನೋಡಿದ್ರೆ ಗೊತ್ತಾಗಂಗಿಲ್ಲೇನು?” ಎಂದರು. ಹೀಗೆ ಒಂಬತ್ತು ವರ್ಷ! ನನ್ನ ಬ್ಲೌಸುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ಹೊಟ್ಟೆ ಬಂತು, ಮಗು ಬರಲಿಲ್ಲ. ಬೀದಿಯ ಹೆಂಗಸರು ಎರಡು ಸಲ ‘ಕಂಗ್ರಾಚುಲೇಷನ್ಸ್’ ಹೇಳಿದರು. ಎರಡು ಸಲವೂ ನಾನು ‘ಥ್ಯಾಂಕ್ ಯೂ’ ಎಂದೆ. ಮತ್ತೇನು ಹೇಳಲಿ?

ಆ ಒಂಬತ್ತು ವರ್ಷ ನಮ್ಮ ಯಜಮಾನರು ಏನು ತಿಂದರು? ಸಂಜೆಯಾದರೆ ಮಂಡಕ್ಕಿ ಮಿರ್ಚಿ, ಅದರ ಮೇಲೊಂದು ಸಿಗರೇಟು. ಒಬ್ಬ ಲೇಡಿ ಡಾಕ್ಟರ್ ಅವರಿಗೂ ಟೆಸ್ಟ್ ಆಗಲಿ ಎಂದು ಚೀಟಿ ಬರೆದುಕೊಟ್ಟರು. ಇದೇ ಅಕ್ಕ, “ನನ್ನ ತಮ್ಮಗೆ ಏನಾಗೈತೆ? ಹೋರಿ ಇದ್ದಂಗ ಅದಾನೆ!” ಎಂದು ಆ ಚೀಟಿಯನ್ನು ನನ್ನೆದುರೇ ಹರಿದರು. ಯಜಮಾನರು ಟೆಸ್ಟಿಗೆ ಹೋಗಲಿಲ್ಲ. ಈಗ ಅವರೇ ಇಲ್ಲ. ಕೊರತೆ ನನ್ನದೋ, ಅವರದೋ, ಇಬ್ಬರದೂ ಅಲ್ಲವೋ ಎಂಬ ಪ್ರಶ್ನೆಯೊಂದು ಮಾತ್ರ ನನ್ನ ಜೊತೆ ಮನೆಯಲ್ಲಿದೆ. ಪ್ರಶ್ನೆಗಳಿಗೆ ಆಯಸ್ಸು ಜಾಸ್ತಿ.

ಇದೀಗ ಅಕ್ಕನ ಮೊಮ್ಮಗನ ಸರದಿ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ಮದುವೆಯಾಗಿ ನಾಲ್ಕು ವರ್ಷ, ಮಗುವಿಲ್ಲ. ಡಾಕ್ಟರ್ ಕೊಟ್ಟ ಡಯಟ್ ಚಾರ್ಟ್ ಫ್ರಿಜ್ಜಿನ ಬಾಗಿಲ ಮೇಲಿದೆ: ಸೊಪ್ಪು, ಕಾಳು, ಹಣ್ಣು ಹೆಚ್ಚು, ಬೇಕರಿ, ಕರಿದದ್ದು ಕಡಿಮೆ, ಗುಟ್ಕಾ, ಸಿಗರೇಟು ಬೇಡವೇ ಬೇಡ. ತಲೆಬರಹದಲ್ಲಿ ‘ಇಬ್ಬರಿಗೂ’ ಎಂದು ಬರೆದು ಡಾಕ್ಟರ್ ಅಡಿಗೆರೆ ಬೇರೆ ಎಳೆದಿದ್ದಾರೆ. ಮೊಮ್ಮಗನ ಹೆಂಡತಿ ಹುಡುಗಿಯ ಅತ್ತೆ, ಅಂದರೆ ಅಕ್ಕನ ಮಗಳು, ಸರಿಯಾಗಿ ಆ ಪದದ ಮೇಲೆಯೇ ಒಂದು ಮಾವಿನಹಣ್ಣಿನ ಮ್ಯಾಗ್ನೆಟ್ ಕೂರಿಸಿದ್ದಳು!

ಕಳೆದ ತಿಂಗಳು ಒಂದು ಸಂಜೆ ನಾನು ಅಲ್ಲಿದ್ದಾಗಲೇ ಅಕ್ಕ ಬಂದರು. ಬಿತ್ತನೆ ಭತ್ತ ಸರಿಯಿಲ್ಲವೆಂದು ದಾವಣಗೆರೆಯ ಅಂಗಡಿಯವನೊಡನೆ ಜಗಳಾಡಲು ಬಂದವರು, ಸಾಕ್ಷಿಗೆ ಎರಡು ಸೇರು ಭತ್ತ ಚೀಲದಲ್ಲೇ ತಂದಿದ್ದರು. ಹಾಲ್‌ನಲ್ಲಿ ಮೊಮ್ಮಗ ಟಿವಿ ಎದುರು ಮಿರ್ಚಿ ತಿನ್ನುತ್ತಿದ್ದ. ಹುಡುಗಿ ಅಡುಗೆಮನೆಯ ಮೂಲೆಯಲ್ಲಿ ನಿಂತು ಮೊಳಕೆ ಹೆಸರುಕಾಳು ನುಂಗುತ್ತಿದ್ದಳು. ಗೋಡೆಗೆ ಮುಖ ಮಾಡಿಕೊಂಡು.

ಅಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಹುಡುಗಿಯ ಬೆನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಈಕಿ ಸರಿಯಾಗಿ ತಿನ್ನಂಗಿಲ್ಲವ್ವಾ, ಅದಕ್ಕೇ ಹಿಂಗೆ” ಎಂದಳು ಮಗಳು.

“ಒಂದು ಬೋಗುಣಿ ನೀರು ತಾ. ಕಲ್ಲುಪ್ಪು ತಾ. ಒಂದು ಆಲೂಗಡ್ಡೆ ತಾ.”

ದೃಷ್ಟಿ ತೆಗೆಯುವುದಕ್ಕೆ ಎಂದುಕೊಂಡು ಮಗಳು ಸಡಗರದಿಂದ ಓಡಿದಳು! ಆದರೆ ಇದು ಬೀಜ ಪರೀಕ್ಷೆ. ಉಪ್ಪುನೀರು ಹದಕ್ಕೆ ಬಂತೇ ಎಂದು ತಿಳಿಯಲು ಗದ್ದೆಯ ಜನ ಮೊಟ್ಟೆ ತೇಲಿಸಿ ನೋಡುತ್ತಾರೆ. ನಮ್ಮದು ಲಿಂಗವಂತರ ಮನೆ, ಹಾಗಾಗಿ ಆಲೂಗಡ್ಡೆ. ಅದು ತೇಲಿತು. ಅಕ್ಕ ಟಿವಿ ಆರಿಸಿ ಬೋಗುಣಿಗೆ ಭತ್ತ ಸುರಿದರು. ಗಟ್ಟಿ ಕಾಳು ತಳ ಸೇರಿತು, ಜೊಳ್ಳು ಮೇಲೆ ಬಂತು.

“ನೋಡ್ರಿ ಎಲ್ಲಾರೂ. ಪೈರು ಬರ್ಲಿಲ್ಲ ಅಂದ್ರೆ ಗದ್ದೆ ಒಂದಕ್ಕೇ ಬೈತೀವೇನು? ಬೀಜಾನೂ ನೋಡ್ತೀವಿ. ಏಳಲೇ, ಆ ಮಿರ್ಚಿ ಕೆಳಗಿಡು!”

“ಅಜ್ಜೀ, ಪಕ್ಕದ ಮನೇರು ಕೇಳಿಸ್ಕೊಂತಾರೆ!”

“ಕೇಳ್ಲಿ, ಅವರ ಮನ್ಯಾಗೂ ಒಬ್ಬ ಅದಾನೆ. ನಾಳೆ ಟೆಸ್ಟಿಗೆ ಹೋಗು. ಗುಟ್ಕಾ ಬಿಡು. ಬಿಟ್ರೆ ಎಷ್ಟು ದಿನಕ್ಕೆ ಸರಿಯಾಕ್ಕತಂತೆ?”

“ಫರಕ್ ಕಾಣಕೆ ಮೂರು ತಿಂಗ್ಳಾದ್ರೂ ಬೇಕಂತೆ ಅಜ್ಜಿ, ಡಾಕ್ಟ್ರು ಅಂದ್ರು” ಎಂದಳು ಹುಡುಗಿ, ಮೊದಲ ಸಲ ಗೋಡೆಯಿಂದ ತಿರುಗಿ.

“ಭತ್ತಕ್ಕಿಂತ ಬೇಗ ಆತಲ್ಲ!” ಎಂದ ಅಕ್ಕ, ಹೊರಡುವಾಗ ಫ್ರಿಜ್ಜಿನ ಬಾಗಿಲಿನಿಂದ ಆ ಮಾವಿನಹಣ್ಣಿನ ಮ್ಯಾಗ್ನೆಟ್ ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು.

ಮೊಮ್ಮಗ ಟೆಸ್ಟಿಗೆ ಹೋಗಿ ಬಂದಿದ್ದಾನೆ. ಈಗ ಇಬ್ಬರೂ ಟೇಬಲ್ಲಿಗೆ ಕೂತು ಮೊಳಕೆಕಾಳು ತಿನ್ನುತ್ತಾರೆ, ಅವನು ಔಷಧಿ ಕುಡಿದವನ ಮುಖ ಮಾಡಿಕೊಂಡು. ಊಟ ಸರಿಯಾದ ಮಾತ್ರಕ್ಕೆ ಮಗು ಗ್ಯಾರಂಟಿ ಅಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ರಿಪೋರ್ಟಿನಲ್ಲಿ ಏನಿದೆಯೆಂದು ನಾನು ಕೇಳಿಲ್ಲ.

ಬೋಗುಣಿಯ ಆ ಸಂಜೆ ಅಕ್ಕ ಅಲ್ಲಿಂದ ನೇರ ನನ್ನ ಜೊತೆ ನನ್ನ ಮನೆಗೆ ಬಂದರು. ನಾನು ಚಪ್ಪಾಳೆ ತಟ್ಟಬೇಕಿತ್ತು. ತಟ್ಟಲಾಗಲಿಲ್ಲ.

“ಅಕ್ಕಾ, ನಿಮ್ಮ ಬೋಗುಣಿ ನಲವತ್ತೈದು ವರ್ಷ ಲೇಟು” ಎಂದೆ.

ಅಕ್ಕ ಕೂತು ಚೀಲವನ್ನು ತಮ್ಮ ಕಡೆ ಎಳೆದುಕೊಂಡರು. ಒಳಗಿನಿಂದ ಸ್ಟೀಲ್ ಡಬ್ಬಿ ತೆಗೆದರು. ಅದೇ ಡಬ್ಬಿ. ಒಳಗೆ ಅದೇ ಉಂಡೆ.

“ಆ ಹುಡುಗಿಗೆ ಅಂತ ತಂದಿದ್ದೆ. ಆಕಿ ಗೋಡೆ ಕಡೆ ನಿಂತಿದ್ದು ನೋಡಿ ಕೊಡಾಕೆ ಕೈ ಬರ್ಲಿಲ್ಲ. ಆ ಚೀಟಿ ನಾ ಹರಿಬಾರ್ದಿತ್ತು, ಕಾನ್ವೆಂಟು. ನನ್ನ ತಮ್ಮನ ತಟ್ಟೆ ಒಂದಿನಾನೂ ನೋಡ್ಲಿಲ್ಲ. ಇವ್ರಿಗೆ ಮಗು ಆಗ್ಲಿ, ಬಿಡ್ಲಿ. ಆ ಹುಡುಗಿ ಒಬ್ಬಾಕಿನೇ ನಿಂತು ತಿನ್ನೋದು ಬ್ಯಾಡ. ಅಷ್ಟೇ.”

ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

“ನನಗ್ಯಾಕೆ ಅಕ್ಕಾ? ಎಪ್ಪತ್ಮೂರಕ್ಕೆ ಬಸಿರಾಗ್ಲಾ?”

ಅವರು ಒಂದು ಉಂಡೆ ಕೈಗೆತ್ತಿಕೊಂಡರು. ಮುರಿಯಲು ನೋಡಿದರು, ಬೆರಳುಗಳು ಕೇಳಲಿಲ್ಲ. ನನ್ನವೂ ಕೇಳಲಿಲ್ಲ. ಕೊನೆಗೆ ಏಲಕ್ಕಿ ಕುಟ್ಟುವ ಕುಟ್ಟಾಣಿಯಲ್ಲಿ ಹಾಕಿ ಪುಡಿ ಮಾಡಿ, ಎರಡು ತಟ್ಟೆ ತಂದೆ. ಅಕ್ಕ ಮೊದಲು ನನಗೆ ಬಡಿಸಿದರು, ಆಮೇಲೆ ತಮಗೆ ಹಾಕಿಕೊಂಡರು. ಅಷ್ಟು ಹೊತ್ತೂ ನಾನು ಸಿಸ್ಟರ್‌ಗಳು ಹೇಳಿಕೊಟ್ಟ ಹಾಗೆ ಕೈಕಟ್ಟಿ ಕಾದೆ.

ಆಮೇಲೆ ಇಬ್ಬರೂ ಒಟ್ಟಿಗೆ ಶುರು ಮಾಡಿದೆವು.