ಬೂದಿರಾಣಿಯ ಮೊದಲ ನೋಟದ ವರದಿಗಳಲ್ಲಿ ಕಂಡುಬಂದ ಲೋಪಗಳು

ಸಾಮೂಹಿಕ ದಾಳಿ ಮತ್ತು ಪುನರುಜ್ಜೀವನ ವಿಭಾಗ
(ಆರು ಮಂದಿ, ಆರು ಮನೆ, ಒಂದು ಕೋಟೆ)

ಸಂಖ್ಯೆ: ಸಾದಾಪು/ಮೊನೋ/೧೭/ಭಾನುವಾರ

ಸುತ್ತೋಲೆ

ವಿಷಯ: ಕರಿಕೋಟೆಯ ರೇಡ್‌ನಲ್ಲಿ ಬಾಸ್‌ಗಳನ್ನು ಮೊದಲ ಬಾರಿಗೆ ಎದುರಿಸಿದಾಗ ಸಿಬ್ಬಂದಿಗೆ ಉಂಟಾದ ಅಭಿಪ್ರಾಯಗಳನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸುವ ಬಗ್ಗೆ, ಮತ್ತು ಸಲ್ಲಿಸಿದ ರೀತಿಯ ಬಗ್ಗೆ.

ಉಲ್ಲೇಖ:
೧. ಕಳೆದ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಆರಂಭಗೊಂಡು ನಾಲ್ಕೂಕಾಲಿಗೆ ಸರ್ವರ ಸಾವಿನೊಂದಿಗೆ ಮುಕ್ತಾಯಗೊಂಡ ರೇಡ್.
೨. ಸದರಿ ರೇಡ್‌ನ ಮೂರನೇ ಬಾಸ್ ಬೂದಿರಾಣಿಯ ಕುರಿತು ಸ್ವೀಕೃತವಾದ ಆರು ನಮೂನೆಗಳು.
೩. ಹೀಲರ್ ಅವರಿಂದ ಸೋಮವಾರ ಬೆಳಿಗ್ಗೆ ಬಂದ ಸಂದೇಶ: "ನನ್ ಜಾಗಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಾನಿನ್ನು ಬರಲ್ಲ."

ಪ್ರಸ್ತಾವನೆ:

ಸಿಬ್ಬಂದಿಯ ಮನೆಯವರು ಈ ಸುತ್ತೋಲೆಯನ್ನು ಓದುವ ಸಂಭವವಿರುವುದರಿಂದ ಮೊದಲಿಗೆ ಸ್ಪಷ್ಟಪಡಿಸುವುದೇನೆಂದರೆ, ರೇಡ್ ಎಂದರೆ ಆರು ಜನ ತಂತಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದೇ ಕೋಟೆಗೆ ಒಟ್ಟಿಗೆ ನುಗ್ಗುವುದು. ಬಾಸ್ ಎಂದರೆ ಆ ಕೋಟೆಯ ಒಂದೊಂದು ಕೋಣೆಯಲ್ಲಿ ನಮ್ಮನ್ನು ಸಾಯಿಸಲು ಕಾದಿರುವ ದೊಡ್ಡ ಪ್ರಾಣಿ. ಹೀಲರ್ ಎಂದರೆ ಉಳಿದ ಐವರು ಏಟು ತಿನ್ನುತ್ತಿರುವಾಗ ಹಿಂದೆ ನಿಂತು ಅವರ ಜೀವ ಉಳಿಸುವವರು, ಸತ್ತವರನ್ನು ಬದುಕಿಸಿ ಎಬ್ಬಿಸುವವರು. ಎಲ್ಲರೂ ಸತ್ತರೆ ಮತ್ತೊಮ್ಮೆ ಪ್ರಯತ್ನಿಸಬಹುದು. ಇದು ಆಟ. ಆದರೂ ಇದನ್ನು ಆಟವೆಂದು ಕರೆಯತಕ್ಕದ್ದಲ್ಲವೆಂದು ಈ ಹಿಂದೆಯೇ ಸೂಚಿಸಲಾಗಿದೆ.

ಈ ವಿಭಾಗದ ಪದ್ಧತಿಯಂತೆ, ಹೊಸ ಬಾಸ್ ಒಂದನ್ನು ಎದುರಿಸಿ ಸತ್ತ ಕೂಡಲೇ ಪ್ರತಿಯೊಬ್ಬರೂ ನಮೂನೆ 'ಮೊನೋ-೧' (ಮೊದಲ ನೋಟದ ವರದಿ) ತುಂಬಿ ಕಳುಹಿಸತಕ್ಕದ್ದು. ಆರೂ ನಮೂನೆಗಳು ಕೈಸೇರುವವರೆಗೆ ಎರಡನೇ ಪ್ರಯತ್ನವಿಲ್ಲ. ಬೇರೆ ತಂಡಗಳು ಹೀಗೆ ಮಾಡುವುದಿಲ್ಲವೆಂದೂ, ಅವರು ಗೆಲ್ಲುತ್ತಾರೆಂದೂ ಕೆಲವರು ಗೊಣಗಿರುವುದು ಗಮನಕ್ಕೆ ಬಂದಿದೆ. ಗೊಣಗಾಟವನ್ನು ದಾಖಲಿಸಿಕೊಳ್ಳಲಾಗಿದೆ.

ಬರುವ ಭಾನುವಾರ ಮೂರು ಗಂಟೆಗೆ ಮೂರನೇ ಕೋಣೆಯ ಬಾಸ್ ಆದ ಬೂದಿರಾಣಿಯನ್ನು ಎರಡನೇ ಬಾರಿ ಎದುರಿಸಬೇಕಾಗಿದ್ದು, ಉಲ್ಲೇಖ (೩)ರ ಕಾರಣ ವಿಭಾಗದಲ್ಲಿ ಹೀಲರ್ ಇಲ್ಲ. ಸದರಿ ಹೀಲರ್ ಅವರು ಬೇರೊಂದು ಊರಿನಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದು, ಕೆಳಗೆ ಸಹಿ ಮಾಡಿರುವವರ ಸ್ವಂತ ಅಕ್ಕನಾಗಿರುತ್ತಾರೆ. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ.

೧. ಮೊದಲ ನೋಟದ ಅವಧಿ

ಕೋಣೆಯ ಬಾಗಿಲು ತೆರೆದ ಕ್ಷಣದಿಂದ ವರದಿದಾರರು ಸಾಯುವ ಕ್ಷಣದವರೆಗಿನ ಅಭಿಪ್ರಾಯವನ್ನು ಮಾತ್ರ ಮೊದಲ ನೋಟವೆಂದು ಪರಿಗಣಿಸಲಾಗುವುದು. ಸತ್ತ ಮೇಲೆ ನೆಲದ ಮೇಲೆ ಬಿದ್ದುಕೊಂಡು ಮೂಡಿದ ಅಭಿಪ್ರಾಯಗಳಿಗೆ 'ಮೊನೋ-೨' ನಮೂನೆಯನ್ನು ಬಳಸತಕ್ಕದ್ದು.

ತಂಡದ ಸದಸ್ಯರಾದ ಟೈಲರ್ ಅವರು ಮೂರೂ ಬಾಸ್‌ಗಳ ಕೋಣೆ ತಲುಪುವ ಮುನ್ನವೇ ಸೇತುವೆಯಿಂದ ಕೆಳಗೆ ಬಿದ್ದು ಸತ್ತಿದ್ದು, ಮೂರೂ ನಮೂನೆಗಳಲ್ಲಿ ಸೇತುವೆಯ ಬಗ್ಗೆ ವಿವರವಾಗಿ ಬರೆದಿರುತ್ತಾರೆ. ಸೇತುವೆ ಬಾಸ್ ಅಲ್ಲವೆಂದು ಈ ಮೂಲಕ ಅವರ ಗಮನಕ್ಕೆ ತರಲಾಗಿದೆ. ಸೇತುವೆಯಿಂದ ಬಿದ್ದವರು ಇನ್ನು ಮುಂದೆ 'ಶೂನ್ಯ' ವರದಿ ಸಲ್ಲಿಸತಕ್ಕದ್ದು. ಸೇತುವೆ ದಾಟುವಾಗ ಬಟ್ಟೆಗೆ ಕಾಜಾ ಹಾಕುವುದನ್ನು ನಿಲ್ಲಿಸಿದರೆ ಉತ್ತಮ.

೨. 'ಸುಲಭ' ಎಂಬ ಪದ

ಮೊದಲ ಕೋಣೆಯ ಬಾಸ್ ಆದ ಕಲ್ಲುಕೋಣವನ್ನು ಕಂಡ ಕೂಡಲೇ ಲಿಫ್ಟ್ ರಿಪೇರಿಯವರು (ನಮ್ಮ ತಂಡದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಏಟು ತಿನ್ನುವವರು) "ಏ, ಇದೇನ್ ಮಹಾ! ಸುಲಭ ಇದೆ, ಬನ್ರೋ" ಎಂದು ಮೈಕ್‌ನಲ್ಲಿ ಘೋಷಿಸಿರುತ್ತಾರೆ. ಘೋಷಣೆಯಾದ ಹನ್ನೊಂದು ಸೆಕೆಂಡುಗಳಲ್ಲಿ, ಆಗಲೇ ಸೇತುವೆಯ ಕೆಳಗಿದ್ದವರನ್ನು ಹೊರತುಪಡಿಸಿ, ಐವರೂ ಮೃತಪಟ್ಟಿರುತ್ತಾರೆ. ಕಲ್ಲುಕೋಣ ಸತ್ತದ್ದು ಮುಂದಿನ ಪ್ರಯತ್ನದಲ್ಲಿ. ಇನ್ನು ಮುಂದೆ ಬಾಸ್ ಸತ್ತದ್ದಕ್ಕೆ ಪುರಾವೆ ಲಗತ್ತಿಸದೆ 'ಸುಲಭ' ಎಂಬ ಪದವನ್ನು ಬಳಸತಕ್ಕದ್ದಲ್ಲ. 'ಪರವಾಗಿಲ್ಲ', 'ನೋಡೋಣ', 'ಆಗಬಹುದು' ಇವುಗಳನ್ನು ಬಳಸಲು ಅನುಮತಿ ಇದೆ.

೩. ಬೆಂಕಿ

ನೆಲದ ಮೇಲೆ ಬೆಂಕಿ ಕಂಡಾಗ ಅದರಿಂದ ಹೊರಗೆ ಬರತಕ್ಕದ್ದು. ಇದನ್ನು ಹೇಳಬೇಕಾಗಿ ಬಂದಿರುವುದಕ್ಕೆ ವಿಭಾಗವು ವಿಷಾದಿಸುತ್ತದೆ. "ನಾನು ಬೆಂಕಿಗೆ ಹೋಗಲಿಲ್ಲ, ಬೆಂಕಿಯೇ ನಾನಿದ್ದಲ್ಲಿಗೆ ಬಂತು" ಎಂಬ ಲಿಫ್ಟ್ ರಿಪೇರಿಯವರ ಲಿಖಿತ ಸಮಜಾಯಿಷಿಯನ್ನು ಪರಿಶೀಲಿಸಲಾಗಿ, ಅವರು ನಾಲ್ಕು ಹೆಜ್ಜೆ ನಡೆದು ಹೋಗಿ ಬೆಂಕಿಯಲ್ಲಿ ನಿಂತಿರುವುದು ದೃಢಪಟ್ಟಿದೆ. ಅನಿವಾರ್ಯವಾಗಿ ಬೆಂಕಿಯಲ್ಲಿ ನಿಲ್ಲಬೇಕಾದವರು ಎರಡು ದಿನ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.

೪. ಬಾಸ್‌ಗಳ ಆರೋಗ್ಯ

ಎರಡನೇ ಕೋಣೆಯ ಬಾಸ್ ಒಂದು ದೊಡ್ಡ ಬಾಯಿ. ಅದಕ್ಕೆ ಕೈಕಾಲುಗಳಿಲ್ಲ, ಇಡೀ ಗೋಡೆಯೇ ಬಾಯಿ, ಎಡೆಬಿಡದೆ ಕಿರುಚುತ್ತದೆ. ವಿಭಾಗದಲ್ಲಿ ಅದನ್ನು 'ಬಾಯಿಬಡುಕ' ಎಂದು ಕರೆಯಲಾಗುತ್ತಿದೆ. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿರುವ ಸದಸ್ಯೆಯು ತಮ್ಮ ನಮೂನೆಯಲ್ಲಿ ಹೀಗೆ ಬರೆದಿರುತ್ತಾರೆ: "ಮೇಲ್ದವಡೆ ಎಡಗಡೆ ಎರಡು ಹುಳುಕು. ವಸಡು ಊದ್ಕೊಂಡಿದೆ. ಪಾಪ, ನೋವಿಗೇ ಅಷ್ಟು ಕಿರುಚ್ತಿರೋದು."

(ಅ) ಬಾಸ್ ಬಗ್ಗೆ ಮರುಕ ಪಡುವುದಕ್ಕೆ ಅಡ್ಡಿಯಿಲ್ಲ. ಆದರೆ ಮರುಕವನ್ನು ಪ್ರತ್ಯೇಕ ಹಾಳೆಯಲ್ಲಿ ನಮೂದಿಸತಕ್ಕದ್ದು.
(ಆ) ಹತ್ತಿರದಿಂದ ನೋಡುವ ಸಲುವಾಗಿ ಬಾಯಿಯ ಒಳಗೆ ಹೋಗತಕ್ಕದ್ದಲ್ಲ. ಸದರಿ ಸದಸ್ಯೆಯ ಸಾವನ್ನು ಕರ್ತವ್ಯದ ವೇಳೆಯ ಸಾವೆಂದು ಪರಿಗಣಿಸಲು ಬರುವುದಿಲ್ಲ.

೫. ಮುಂಗಡ ಅಚ್ಚರಿ

ಹೊಸ ಬಾಸ್‌ನ ವಿಡಿಯೋಗಳನ್ನು ಮೊದಲೇ ನೋಡಿ ಬರತಕ್ಕದ್ದಲ್ಲವೆಂಬ ನಿಯಮವಿದೆ. ಹೀಗಿದ್ದರೂ ಬಾಯಿಬಡುಕ ನಾಲಗೆ ಚಾಚುವ ಮೂರು ಸೆಕೆಂಡು ಮೊದಲೇ ಭೂಗೋಳದ ಮೇಷ್ಟ್ರು "ಅಯ್ಯಯ್ಯೋ, ನಾಲಗೆ!" ಎಂದು ಬೆಚ್ಚಿಬಿದ್ದಿರುತ್ತಾರೆ. ಈ ಬಗ್ಗೆ ಕೇಳಲಾಗಿ, ಪಾಠ ಮಾಡಿ ಮಾಡಿ ಮುಂದೆ ಏನಾಗುತ್ತದೆಂದು ತಮಗೆ ಮೊದಲೇ ತಿಳಿಯುವ ಅಭ್ಯಾಸವಾಗಿದೆ ಎಂದು ಉತ್ತರಿಸಿರುತ್ತಾರೆ. ಇನ್ನು ಮುಂದೆ ಘಟನೆ ಸಂಭವಿಸಿದ ನಂತರ, ಅರ್ಧ ಸೆಕೆಂಡಿಗೆ ಕಡಿಮೆಯಿಲ್ಲದಂತೆ ಅಂತರ ಕಾಯ್ದುಕೊಂಡು ಬೆಚ್ಚಿಬೀಳತಕ್ಕದ್ದು.

೬. ಮನೆಯವರ ಅಭಿಪ್ರಾಯ

ಟೈಲರ್ ಅವರು ಸೇತುವೆಯ ಕೆಳಗೆ ಬಿದ್ದಿದ್ದಾಗ, ಅವರ ಅತ್ತೆಯವರು ಒಗೆದ ಬಟ್ಟೆಯ ಬಕೆಟ್ ಹಿಡಿದು ಮನೆಯ ಆ ಕೋಣೆಯ ಮೂಲಕ ಹಾದುಹೋಗುತ್ತಾ, ಉಳಿದವರ ಕಾದಾಟ ಕಾಣುತ್ತಿದ್ದ ಪರದೆಯತ್ತ ಕಣ್ಣು ಹಾಯಿಸಿ, "ಆ ಕಂಬದ ಹಿಂದೆ ನಿಂತ್ಕೊಂಡ್ರೆ ನಾಲಗೆ ತಾಗಲ್ಲ ಅಲ್ವೇನ್ರಿ?" ಎಂದು ಕೇಳಿರುತ್ತಾರೆ. ಸದರಿ ಅತ್ತೆಯವರು ಈ ವಿಭಾಗದ ಅಧಿಕೃತ ಸಿಬ್ಬಂದಿಯಲ್ಲ. ಅವರು ನಮೂನೆಯನ್ನೂ ಸಲ್ಲಿಸಿರುವುದಿಲ್ಲ. ಆದ್ದರಿಂದ ಅವರ ಅಭಿಪ್ರಾಯವು ಸರಿಯಾಗಿದ್ದರೂ ಅದನ್ನು ತಿರಸ್ಕರಿಸಲಾಗಿದೆ. ಮುಂದಿನ ಪ್ರಯತ್ನದಲ್ಲಿ ಎಲ್ಲರೂ ಕಂಬದ ಹಿಂದೆ ನಿಂತದ್ದು ಮತ್ತು ಬಾಯಿಬಡುಕ ನಾಲ್ಕು ನಿಮಿಷದಲ್ಲಿ ಸತ್ತದ್ದು ಕಾಕತಾಳೀಯ.

೭. ಮಾದರಿ ನಮೂನೆ

ಈಗ ಮುಖ್ಯ ವಿಷಯಕ್ಕೆ ಬರಲಾಗಿದೆ. ಬೂದಿರಾಣಿಯ ಕೋಣೆಯೊಳಗಿದ್ದ ಐವರೂ ಇಪ್ಪತ್ತನಾಲ್ಕು ಸೆಕೆಂಡುಗಳಲ್ಲಿ ಮೃತಪಟ್ಟಿದ್ದು, ಈ ಕುರಿತ ಆರು ನಮೂನೆಗಳ ಪೈಕಿ ಐದರಲ್ಲಿ, ಒಂಬತ್ತನೇ ಕಾಲಂ ಆದ 'ಸಾವಿಗೆ ಕಾರಣ'ದ ಎದುರು "ಹೀಲರ್ ಅವರು ತಡ ಮಾಡಿದ್ದರಿಂದ" ಎಂದು ಅಕ್ಷರಶಃ ಒಂದೇ ರೀತಿ ಬರೆಯಲಾಗಿದೆ. ಈ ಐದು ನಮೂನೆಗಳನ್ನು ಪದ್ಧತಿಯಂತೆ ಆರೂ ಜನರಿಗೆ ಕಳುಹಿಸಿಕೊಡಲಾಯಿತು. ಅಂದರೆ ಹೀಲರ್ ಅವರಿಗೂ ಕಳುಹಿಸಲಾಯಿತು. ಉಲ್ಲೇಖ (೩) ಮರುದಿನ ಬೆಳಿಗ್ಗೆ ಬಂತು.

ಐವರು ಐದು ಮನೆಗಳಲ್ಲಿ ಕುಳಿತು ಒಂದೇ ವಾಕ್ಯ ಬರೆದದ್ದು ಹೇಗೆಂದು ವಿಚಾರಣೆ ನಡೆಸಲಾಗಿ ಕಂಡುಬಂದ ಅಂಶಗಳು:

(ಅ) ನಮೂನೆಯನ್ನು ಹೇಗೆ ತುಂಬಬೇಕೆಂದು ತೋರಿಸಲು, ತುಂಬಿದ ಮಾದರಿಯೊಂದನ್ನು ಎಲ್ಲರಿಗೂ ಕಳುಹಿಸಲಾಗಿತ್ತು. ಸಿಬ್ಬಂದಿಯು ಅದನ್ನು ನೋಡಿ ಬರೆಯುವ ಬದಲು ಅದನ್ನೇ ಬರೆದಿರುತ್ತಾರೆ. ಟೈಲರ್ ಅವರು ಸೇತುವೆಯ ವಿವರವೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ, ನೆತ್ತಿಯ ಮೇಲಿನ 'ಮಾದರಿ' ಎಂಬ ಪದವನ್ನೂ ಬಿಡದೆ, ನಕಲು ಮಾಡಿದ್ದಾರೆ. ಮೇಷ್ಟ್ರು ಹೆಸರಿನ ಜಾಗದಲ್ಲಿ 'ಶ್ರೀ/ಶ್ರೀಮತಿ ಇಂಥವರು' ಎಂದು ಬರೆದಿದ್ದಾರೆ. ಯಾರಿಗೂ ಹೀಲರ್ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಬೇಗ ಬರೆದು ಮುಗಿಸುವ ಆತುರವಿತ್ತು, ಅಷ್ಟೇ.

(ಆ) ಐದನೇ ನಮೂನೆ ಕೆಳಗೆ ಸಹಿ ಮಾಡಿರುವವರದ್ದು. ಅವರೂ ತಾವೇ ತುಂಬಿದ್ದ ಮಾದರಿಯನ್ನು ನಕಲು ಮಾಡಿದ್ದಾರೆ.

(ಇ) ಮಾದರಿಯನ್ನು ತುಂಬಿದ್ದು ಶನಿವಾರ. ರೇಡ್ ನಡೆದದ್ದು ಭಾನುವಾರ. ಅಂದರೆ ಹೀಲರ್ ಅವರು ತಡ ಮಾಡಿದರೆಂಬುದನ್ನು ಅವರು ಕೋಣೆಗೆ ಕಾಲಿಡುವ ಒಂದು ದಿನ ಮೊದಲೇ ದಾಖಲಿಸಲಾಗಿತ್ತು. ಕೆಳಗೆ ಸಹಿ ಮಾಡಿರುವವರು ವಾರದ ದಿನಗಳಲ್ಲಿ ದಾಖಲೆ ಕೊಠಡಿಯ ಮುಖ್ಯ ಗುಮಾಸ್ತರಾಗಿದ್ದು, ಇಪ್ಪತ್ತೆರಡು ವರ್ಷಗಳಿಂದ ಯಾವ ಕಾಲಮನ್ನೂ ಖಾಲಿ ಬಿಟ್ಟವರಲ್ಲ. ಒಂಬತ್ತನೇ ಕಾಲಂ ಖಾಲಿ ಕಂಡಿತು. ಆ ಹೊತ್ತಿಗೆ ತೋಚಿದ್ದನ್ನು ಬರೆದರು. ತೋಚಿದ್ದು ಅಕ್ಕನ ತಪ್ಪೇ ಏಕೆ ಎಂಬ ಪ್ರಶ್ನೆಯನ್ನು ಕಡತದಲ್ಲಿ ತೆರೆದಿಡಲಾಗಿದೆ.

೮. ಸಾವಿಗೆ ನಿಜವಾದ ಕಾರಣ

ಪ್ರತಿ ಬಾಸ್‌ನ ಕೋಣೆಗೆ ಕಾಲಿಟ್ಟ ಕೂಡಲೇ ಹಾಜರಿ ಕರೆಯುವುದು ಈ ವಿಭಾಗದ ಕ್ರಮ. ಹಾಜರಿ ಮುಗಿಯುವವರೆಗೆ ಯಾರೂ ಕೀಬೋರ್ಡ್ ಮುಟ್ಟತಕ್ಕದ್ದಲ್ಲ. ಕಲ್ಲುಕೋಣ ಮತ್ತು ಬಾಯಿಬಡುಕ ಇಬ್ಬರೂ ನಾವು ಕೈ ಹಚ್ಚುವವರೆಗೆ ಹೊಡೆಯದೆ ಸುಮ್ಮನಿರುವ ಜಾತಿಯವರಾದ್ದರಿಂದ ಇದರಿಂದ ತೊಂದರೆಯಾಗಿರಲಿಲ್ಲ. ಬೂದಿರಾಣಿ ಸುಮ್ಮನಿರುವವಳಲ್ಲ. ಬಾಗಿಲು ತೆರೆದ ಕ್ಷಣದಿಂದಲೇ ಹೊಡೆಯುತ್ತಾಳೆ.

ಆ ಹೊಡೆತಗಳ ನಡುವೆ ಹಾಜರಿಯನ್ನು ಪೂರ್ತಿಯಾಗಿ, ಸ್ಪಷ್ಟ ಉಚ್ಚಾರಣೆಯೊಂದಿಗೆ ಕರೆಯಲಾಯಿತು. ಲಿಫ್ಟ್ ರಿಪೇರಿಯವರು, ಸಹಾಯಕಿ, ಮೇಷ್ಟ್ರು ನಿಯಮ ಮುರಿದು ದಿಕ್ಕಾಪಾಲಾಗಿ ಓಡಿರುತ್ತಾರೆ. ಟೈಲರ್ ಅವರು ಸೇತುವೆಯ ಕೆಳಗಿನಿಂದಲೇ "ಹಾಜರ್" ಎಂದಿರುತ್ತಾರೆ. ಸ್ವಂತದವರಿಗೆ ಒಲವು ತೋರಿದ ಆಪಾದನೆ ಬಾರದಿರಲೆಂದು ಅಕ್ಕನ ಹೆಸರನ್ನು ಪಟ್ಟಿಯ ಕೊನೆಯಲ್ಲಿ ಇಡಲಾಗಿತ್ತು. ಆ ಹೆಸರು ಬರುವವರೆಗೆ ಅಕ್ಕ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕಾದರು. ತಮ್ಮ ಮಾಡಿದ ನಿಯಮವನ್ನು ಆ ಕೋಣೆಯಲ್ಲಿ ಪಾಲಿಸಿದವರು ಅವರೊಬ್ಬರೇ.

ಅವರ ನಮೂನೆಯೊಂದೇ ನಕಲಾಗಿರಲಿಲ್ಲ. ಅದರ ಪೂರ್ಣ ಪಾಠ: "ಬಾಗಿಲು ತೆಗೆದ ತಕ್ಷಣ ಮೇಲಿಂದ ಬೂದಿ ಉದುರ್ತಿತ್ತು, ಬೆಳಕಲ್ಲಿ ಬೆಳ್ಳಗೆ ಹೊಳೀತಿತ್ತು. ಬಾಳ ಚೆನ್ನಾಗಿತ್ತು. ರಾಣಿ ಮುಖ ಸರಿಯಾಗಿ ನೋಡೋಕೆ ಆಗ್ಲಿಲ್ಲ. ಮುಂದಿನ ವಾರ ನೋಡ್ತೀನಿ." ಒಂಬತ್ತನೇ ಕಾಲಮನ್ನು ಅವರು ಖಾಲಿ ಬಿಟ್ಟಿರುತ್ತಾರೆ. ಕಾರಣ ಅವರಿಗೆ ಗೊತ್ತಿತ್ತು. ಬರೆಯಲಿಲ್ಲ. ಖಾಲಿ ಬಿಟ್ಟಿದ್ದಕ್ಕಾಗಿ ಅವರಿಗೆ ಜ್ಞಾಪನಾ ಪತ್ರವೊಂದನ್ನು ಸಹ ಕಳುಹಿಸಲಾಗಿತ್ತು ಎಂದು ತಿಳಿಸಲು ನಾಚಿಕೆಯಾಗುತ್ತದೆ.

೯. ಆದೇಶ

ಮೇಲ್ಕಂಡ ಕಾರಣಗಳಿಂದಾಗಿ, ಐದು ನಮೂನೆಗಳನ್ನೂ ಸದರಿ ಜ್ಞಾಪನಾ ಪತ್ರವನ್ನೂ ಈ ಮೂಲಕ ರದ್ದುಪಡಿಸಲಾಗಿದೆ. ಒಂಬತ್ತನೇ ಕಾಲಮನ್ನು ನಮೂನೆಯಿಂದ ಶಾಶ್ವತವಾಗಿ ತೆಗೆದುಹಾಕಲಾಗಿದೆ. ಬಾಸ್‌ನ ಕೋಣೆಯೊಳಗೆ ಹಾಜರಿ ಕರೆಯುವ ಕ್ರಮವನ್ನು ಕೈಬಿಡಲಾಗಿದೆ. ಸಾವಿಗೆ ಕಾರಣ ಕೆಳಗೆ ಸಹಿ ಮಾಡಿರುವವರು ಎಂದು ತಿದ್ದಿ ಓದಿಕೊಳ್ಳತಕ್ಕದ್ದು.

ಹೀಲರ್ ಹುದ್ದೆಗೆ ಬೇರೆಯವರನ್ನು ನೋಡಿಕೊಳ್ಳುವಂತೆ ಉಲ್ಲೇಖ (೩)ರಲ್ಲಿ ಸೂಚಿಸಿರುವುದನ್ನು ಪರಿಶೀಲಿಸಲಾಯಿತು. ಲಿಫ್ಟ್ ರಿಪೇರಿಯವರ ಪರಿಚಯದ ಒಬ್ಬರು ಲಭ್ಯವಿದ್ದು, ಚುರುಕಾಗಿದ್ದಾರೆಂದು ತಿಳಿದುಬಂದಿದೆ. ಬೇಡವೆಂದು ತೀರ್ಮಾನಿಸಲಾಗಿದೆ. ಕೆಳಗೆ ಸಹಿ ಮಾಡಿರುವವರು ಮತ್ತು ಅವರ ಅಕ್ಕ ವಾರದ ದಿನಗಳಲ್ಲಿ ಫೋನ್ ಮಾಡಿಕೊಂಡರೆ "ಊಟ ಆಯ್ತಾ?", "ಆಯ್ತು, ನಿಂದು?" ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಭಾನುವಾರ ಮೂರರಿಂದ ಆರರವರೆಗೆ ಮಾತ್ರ ಅಕ್ಕ ಬಾಯ್ತುಂಬ ಬೈಯುತ್ತಾರೆ, ಅಂಗಡಿಗೆ ಬಂದವರ ಕಥೆ ಹೇಳುತ್ತಾರೆ, ತಮ್ಮ ಸತ್ತು ಬಿದ್ದಾಗ "ಏಳೋ, ಎದ್ದೇಳು" ಎಂದು ನಗುತ್ತಾ ಬದುಕಿಸುತ್ತಾರೆ. ಕೋಟೆ ಗೆಲ್ಲುವುದು ಬೇರೆಯವರಿಂದಲೂ ಆಗಬಹುದು. ಆ ಮೂರು ಗಂಟೆಗಳಿಗೆ ಬದಲಿ ವ್ಯವಸ್ಥೆ ಇರುವುದಿಲ್ಲ.

ಆದ್ದರಿಂದ ಬರುವ ಭಾನುವಾರ ಮೂರು ಗಂಟೆಗೆ ಐವರೂ ಬೂದಿರಾಣಿಯ ಕೋಣೆಯ ಹೊರಗೆ ನಿಂತಿರತಕ್ಕದ್ದು. ಅಕ್ಕ ಬರುವವರೆಗೆ ಯಾರೂ ಬಾಗಿಲು ಮುಟ್ಟತಕ್ಕದ್ದಲ್ಲ. ಆ ಭಾನುವಾರ ಬಾರದಿದ್ದಲ್ಲಿ ಅದರ ಮುಂದಿನ ಭಾನುವಾರವೂ ಅಲ್ಲಿಯೇ ನಿಂತಿರತಕ್ಕದ್ದು. ಅವರು ಬಂದು ರಾಣಿಯ ಮುಖವನ್ನು ಸಾವಕಾಶವಾಗಿ ನೋಡಿ ಮುಗಿಸುವವರೆಗೆ ಉಳಿದವರು ಏಟು ತಿನ್ನತಕ್ಕದ್ದು. ಸಾಯಬೇಕಾಗಿ ಬಂದಲ್ಲಿ ಯಾರನ್ನೂ ದೂರದೆ ಸಾಯತಕ್ಕದ್ದು.

ಸಹಿ/-
ವಿಭಾಗದ ಮುಖ್ಯಸ್ಥರು ಮತ್ತು ತಮ್ಮ
ಸಾಮೂಹಿಕ ದಾಳಿ ಮತ್ತು ಪುನರುಜ್ಜೀವನ ವಿಭಾಗ

ಪ್ರತಿಗಳು:

೧. ಲಿಫ್ಟ್ ರಿಪೇರಿಯವರಿಗೆ, ಕಂಡಿಕೆ ೩ನ್ನು ಎರಡು ಬಾರಿ ಓದುವ ಸೂಚನೆಯೊಂದಿಗೆ.
೨. ಹಲ್ಲಿನ ಡಾಕ್ಟರ ಸಹಾಯಕಿಯವರಿಗೆ. ಬೂದಿರಾಣಿಗೆ ಹಲ್ಲುಗಳಿಲ್ಲವೆಂದು ತಿಳಿಸಲಾಗಿದೆ.
೩. ಭೂಗೋಳದ ಮೇಷ್ಟ್ರಿಗೆ. ಇದರಲ್ಲಿ ಏನಿದೆಯೆಂದು ಅವರಿಗೆ ಮೊದಲೇ ತಿಳಿದಿರಬಹುದು.
೪. ಟೈಲರ್ ಅವರಿಗೆ, ಸೇತುವೆಯ ಕೆಳಗೆ.
೫. ಟೈಲರ್ ಅವರ ಅತ್ತೆಯವರಿಗೆ, ಅನಧಿಕೃತವಾಗಿ, ಧನ್ಯವಾದಗಳೊಂದಿಗೆ.
೬. ಕಚೇರಿಯ ಕಡತಕ್ಕೆ.
೭. ಅಕ್ಕನಿಗೆ. ಸ್ವೀಕೃತಿಗೆ ಸಹಿ ಬೇಡ, ಸಮಜಾಯಿಷಿ ಬೇಡ, ನಮೂನೆ ಬೇಡ. ತಪ್ಪು ನಂದೇ ಅಕ್ಕಾ, ಬಾರೇ.