ರೊಟ್ಟಿಮೀನಿನ ಬಾಣಂತನ

ನಮ್ಮ ಕಾಕಾನಷ್ಟು ಶ್ಯಾಣ್ಯಾ ಮನುಷ್ಯ ಜತ್ತ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಈ ಮಾತನ್ನು ಒಪ್ಪುವವರು ಇಬ್ಬರೇ: ಒಬ್ಬ ಕಾಕಾ, ಇನ್ನೊಬ್ಬಳು ನಾನು. ಉಳಿದ ಸೋನ್ಯಾಳ ಊರೆಲ್ಲ ಅವನಿಗೆ ಹುಚ್ಚು ಅಂತಲೇ ಠರಾವು ಪಾಸು ಮಾಡಿದೆ. ಮಾಡಲಿ, ನಮ್ಮ ಗಂಟೇನು ಹೋಗುತ್ತದೆ? ಟ್ಯಾಂಕರಿನ ದಾರಿ ಕಾಯುವ ಊರಿನಲ್ಲಿ, ಕುರಿದೊಡ್ಡಿಯೊಳಗೆ ಸಿಮೆಂಟಿನ ಟಾಕಿ ಕಟ್ಟಿಸಿ ಮೀನು ಸಾಕಿದವನಿಗೆ ಜನ ಇನ್ನೇನು ಹಾರ ಹಾಕುತ್ತಾರೆಯೇ!

ಅದೂ ಎಂಥ ಮೀನು? ಸ್ಟಿಂಗ್ ರೇ ಅಂತೆ. ದೂರದೇಶದ ಯಾವುದೋ ಸಿಹಿನೀರಿನ ಹೊಳೆಯದ್ದಂತೆ. ಚಪ್ಪಟೆ, ದುಂಡಗೆ, ಮೈತುಂಬ ಚುಕ್ಕೆ, ಹಿಂದೊಂದು ಬಾಲ, ಬಾಲದಲ್ಲೊಂದು ವಿಷದ ಮುಳ್ಳು. ಕಾಕಾ ಲಾರಿ ಓಡಿಸುತ್ತಿದ್ದಾಗ ಕೋಲ್ಕತ್ತಾಕ್ಕೆ ದಾಳಿಂಬೆ ಇಳಿಸಿ, ಬರುವಾಗ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೋಡಿ ತಂದ. ಅವ್ವ ಚೀಲದೊಳಗೆ ಇಣುಕಿ, "ಇದೇನೋ ಮಾರಾಯಾ, ರೊಟ್ಟಿಗಿ ಬಾಲ ಬಂದದಲ್ಲೊ?" ಅಂದಳಂತೆ. ಅವತ್ತಿನಿಂದ ಊರಿಗೆಲ್ಲ ಅದು ರೊಟ್ಟಿಮೀನು. ನೀರು ಪೋಲು ಮಾಡುತ್ತಾನೆಂದು ಜನ ಬೈದರು. ಕಾಕಾ ಟಾಕಿಯಿಂದ ತೆಗೆದ ನೀರನ್ನು ಒಂದು ಚೊಂಬೂ ಬಿಡದೆ ಬದನೆ ಗಿಡಕ್ಕೆ ಹಾಕುತ್ತಿದ್ದ. ಬೈದವರೇ ಬಂದು ಬದನೆಕಾಯಿ ಒಯ್ಯುತ್ತಿದ್ದರು.

ನಾನು ಗಂಡನ ಮನೆ ಬಿಟ್ಟು ಒಂದೇ ಚೀಲ ಹಿಡಿದು ಬಂದಾಗ ಹೆಣ್ಣು ಮೀನು ಬಸಿರಾಗಿತ್ತು. ಅಪ್ಪ ತೀರಿದ ಮೇಲೆ ನಮ್ಮ ಮನೆಗೆ ಕಾಕಾನೇ ಹಿರಿಯ. ಮುಂದಿನ ತಿಂಗಳ ಅಮಾವಾಸ್ಯೆ ಕಳೆದ ಮೇಲೆ ನನ್ನನ್ನು ಕರೆದೊಯ್ಯಲು ಬರುತ್ತೇವೆಂದು ಬೀಗರು ಹೇಳಿಕಳಿಸಿದ್ದರು. "ಕಳಸ್ಲಿಕ್ಕೇ ಬೇಕು, ಎಷ್ಟ ದಿನ ಇಟ್ಕೊಳ್ಳೂದು?" ಎಂದು ಅವ್ವ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದಳು. ನನಗೆ ಹೋಗುವುದು ಬೇಕಿರಲಿಲ್ಲ. ಆದರೆ ಕೊನೆಯ ಮಾತು ಕಾಕಾನದು, ಮತ್ತು ಕಾಕಾ ಟಾಕಿಯ ದಂಡೆಯಲ್ಲಿ ಬಗ್ಗಿ ನಿಂತು ಮೀನಿನ ಹೊಟ್ಟೆ ನೋಡುತ್ತಿದ್ದ. ಯಾಕೆ ಬಂದಿ, ಏನಾಯಿತು, ಒಂದೂ ಕೇಳಲಿಲ್ಲ.

"ಬಂದಿ? ಚಲೋ ಆತು. ಸಿಗಡಿ ಸ್ವಚ್ಛ ಮಾಡ್ಲಾಕ ಬರ್ತದೇನ ನಿನಗ?"

ಹೀಗೆ ನಾನು ನೌಕರಿಗೆ ಸೇರಿದೆ. ಗಂಡು ಮೀನಿಗೆ ದಿನಕ್ಕೊಂದು ಸಲ ಸಿಪ್ಪೆ ಸಮೇತ ಸಿಗಡಿ. ಬಸುರಿಗೆ ಎರಡು ಸಲ, ಅದೂ ಹೊಟ್ಟೆ ಬಿರಿಯುವಷ್ಟು. ನಮ್ಮ ಕಡೆ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ. ಕಾಕಾನ ಟಾಕಿಯಲ್ಲಿ ಮಾತ್ರ ಉಲ್ಟಾ. ಹೆಣ್ಣು ತಿಂದು ಮುಗಿಸುವ ತನಕ ಅವನು ಗಂಡನ್ನು ಪ್ಲಾಸ್ಟಿಕ್ ಜಾಳಿಗೆ ಅಡ್ಡ ಹಿಡಿದು ಮೂಲೆಗೆ ನಿಲ್ಲಿಸುತ್ತಿದ್ದ. "ಪಾಪ, ಅದಕ್ಕೂ ಹಸಿವಿರ್ತದೊ," ಎಂದು ಅವ್ವ ಗಂಡಿನ ವಕಾಲತ್ತು ವಹಿಸಿದರೆ, "ಅದೇನ ಹಡೀತದೇನ ವೈನಿ?" ಎಂದು ಬಾಯಿ ಮುಚ್ಚಿಸಿದ.

ಒಂದು ಬೆಳಗ್ಗೆ ನೋಡಿದರೆ ಮೂರು ಮರಿ! ಮೊಟ್ಟೆಯಲ್ಲ, ಜೀವಂತ ಮರಿ. ಅಂಗೈಗಿಂತ ಚಿಕ್ಕ ರೊಟ್ಟಿಗಳು. ಎಲ್ಲಿಯೂ ಆಗದ ಪಜೀತಿ ಆದದ್ದು ಇಲ್ಲಿಯೇ. ನಮ್ಮದು ತಲೆತಲಾಂತರದಿಂದ ಕುರಿ ಕಾಯ್ದ ಮನೆತನ. ಮರಿ ಹಾಕಿದ ಮೇಲೆ ಹಾಲು ಕುಡಿಸಲೇಬೇಕಲ್ಲ? ನೂರಾರು ಕುರಿಗಳ ಕೆಚ್ಚಲು ಹಿಂಡಿದ ಕಾಕಾ ಮೊಳಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡು, ಬಾಣಂತಿಯನ್ನು ಮೆಲ್ಲಗೆ ಎತ್ತಿ ಮೊಲೆ ಹುಡುಕತೊಡಗಿದ. ಅದು ಬಾಲ ಬೀಸಿದ ರಭಸಕ್ಕೆ ಬದನೆ ಗಿಡದ ತನಕ ಹಾರಿದ. ಆಮೇಲೆ ಕೋಲ್ಕತ್ತಾದ ಮೀನಿನವನಿಗೆ ಫೋನು ಹಚ್ಚಿ, ಲಾರಿ ಹಿಂದಿಯಲ್ಲಿ, "ದೂಧ್ ಕಹಾಂ ಸೇ ನಿಕಲ್ತಾ ಹೈ?" ಎಂದು ಕೇಳಿದ. ಆ ಕಡೆಯ ನಗು ಟಾಕಿಯ ಆಚೆ ನಿಂತಿದ್ದ ನನಗೂ ಕೇಳಿಸಿತು.

ಅವನು ನಕ್ಕು ಸಾಕಾದ ಮೇಲೆ ಹೇಳಿದನಂತೆ: ಹಾಲಿಲ್ಲ ಗೀಲಿಲ್ಲ, ಹೊಟ್ಟೆಯೊಳಗಿನ ಭಂಡಾರದ ಮೇಲೆ ಮರಿಗಳು ಕೆಲವು ದಿನ ಬದುಕುತ್ತವೆ, ಆಮೇಲೆ ಸಣ್ಣಗೆ ಹೆಚ್ಚಿದ ಎರೆಹುಳ ಕೊಡಬೇಕು. ಕಾಕಾನಿಗೆ ನಾಚಿಕೆಯೇನೂ ಆಗಲಿಲ್ಲ. "ನೋಡಿದೇನ, ಬುತ್ತಿ ಕಟಗೊಂಡೇ ಹುಟ್ತಾವ. ನಮ್ಮಂಗಲ್ಲ," ಅಂದ.

ಊರೆಲ್ಲ ನೀರಿಗಾಗಿ ನೆಲ ಕೊರೆಸುವಾಗ ನಾವಿಬ್ಬರು ದಾಳಿಂಬೆ ತೋಟದಲ್ಲಿ, ಹನಿ ನೀರಿನ ಪೈಪಿನ ಕೆಳಗೆ ಹುಳಕ್ಕಾಗಿ ಅಗೆದೆವು. "ಏನ ಹುಡಕ್ಲಾಕತ್ತೀರಿ?" ಎಂದು ದಾರಿಹೋಕರು ಕೇಳಿದರೆ ಕಾಕಾ ತಲೆಯೆತ್ತದೆ, "ಮಕ್ಕಳಿಗಿ ನ್ಯಾರಿ," ಅನ್ನುತ್ತಿದ್ದ. ಬೆಳಗಿನ ನ್ಯಾರಿಯೊಂದೇ ಅಲ್ಲ, ದಿನಕ್ಕೆ ನಾಲ್ಕು ಊಟ! ಮೊದಲು ಅಕ್ಕಿಕಾಳಿನಷ್ಟು ತುಂಡು, ಬೆಳೆದಂತೆ ಶೇಂಗಾಕಾಳಿನಷ್ಟು, ಆಮೇಲೆ ಇಡೀ ಹುಳ. ಮರಿಗಳದ್ದಾದ ಮೇಲೆ ಕಾಕಾ ತಾಟಿನಲ್ಲಿ ಸಜ್ಜಿರೊಟ್ಟಿ, ಶೇಂಗಾಹಿಂಡಿ ತಂದು ಟಾಕಿಯ ದಂಡೆಯ ಮೇಲಿಡುತ್ತಿದ್ದ. ನಾನು ಎರಡು ರೊಟ್ಟಿ ಮುಗಿಸುವ ತನಕ ಅವನು ತನ್ನ ಊಟಕ್ಕೆ ಕೈ ತೊಳೆಯುತ್ತಿರಲಿಲ್ಲ.

ಅಮಾವಾಸ್ಯೆ ಮುಗಿಯಿತು. ನನ್ನ ಗಂಡನ ಸೋದರಮಾವ ಜೀಪು ತಂದರು, ಪಟಗಾ ಸುತ್ತಿಕೊಂಡು, ಭಾರಿ ಗತ್ತಿನಲ್ಲಿ. ಅವ್ವ ನನ್ನ ಚೀಲವನ್ನು ಆಗಲೇ ಹೊಸ್ತಿಲಿಗೆ ತಂದಿಟ್ಟಿದ್ದಳು. ನಾನು ಹುಳದ ಬಟ್ಟಲು ಎತ್ತಿಕೊಂಡು ಟಾಕಿಯ ಕಡೆ ಸರಿದೆ. "ಇಲ್ಲೇ ಬರ್ರಿ ಮಾವಾರ, ಮರಿಗಿ ಹಾಕೂ ಟೈಮ್ ಅದ," ಎಂದು ಕಾಕಾ ಅವರನ್ನು ಟಾಕಿಗೇ ಕರೆದ. ಅವರು ಬಗ್ಗಿ ನೋಡಿ, ಏನಾದರೂ ಮಾತಾಡಬೇಕಲ್ಲ ಎಂದು, "ಬಾಯಿಲ್ಲದ ಜೀವ. ಉಂಡಾವೋ ಉಪಾಸ ಅದಾವೋ, ಹೆಂಗ ತಿಳೀತದ್ರಿ?" ಅಂದರು.

"ಬಾಲದ ಬುಡಕ ನೋಡ್ರಿ. ಹೊಟ್ಟಿಗಿಲ್ಲಂದ್ರ ಟೊಂಕದ ಎಲಬು ಎದ್ದ ಕಾಣ್ತಾವ." ಕಾಕಾನ ದನಿ ಏರಲೇ ಇಲ್ಲ. "ಈ ಹುಡಿಗಿ ನಿಮ್ಮ ಮನಿಯಿಂದ ಬಂದ ದಿನ ಕೊಳ್ಳಾಗಿನ ಎಲಬು ಎಣಸಬಹುದಿತ್ರಿ. ಬಾಯಿದ್ದ ಜೀವ. ಎರಡ ವರ್ಷ ನಿಮ್ಮ ಕಣ್ಣಮುಂದ ಇತ್ತು. ಯಾರರೆ ನೋಡಿದ್ರೇನ?"

ಮಾವ ಪಟಗಾ ಸರಿಮಾಡಿಕೊಂಡರು. "ಹೊಂದಕೊಂಡ ಹೋಗಬೇಕಲ್ರಿ. ಮಂದಿ ಏನಂದಾರು?"

ಕಾಕಾ ನನ್ನ ಕಡೆ ತಿರುಗಿದ. "ಹೋಗ್ತಿಯೇನ ಯವ್ವಾ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಆತಲ್ಲ. ಬರಂಗಿಲ್ರಿ ಆಕಿ. ಮಂದಿ ಏನರೆ ಅಂದ್ರ ಇಲ್ಲಿ ಕಳಸ್ರಿ, ನಾ ಹೇಳ್ತೀನಿ. ಕುಂದ್ರಿ, ಚಾ ಕುಡದ ಹೋಗ್ರಿ."

ಅವರು ಚಹಾ ಕುಡಿಯಲಿಲ್ಲ. ಜೀಪಿನ ಸದ್ದು ಅಡಗುವ ತನಕ ನಾನು ಹುಳದ ಬಟ್ಟಲು ಹಿಡಿದು ನಿಂತೇ ಇದ್ದೆ. ಗಂಡನ ಮನೆಯ ಹೊಸ್ತಿಲು ದಾಟಿ ಬಂದ ದಿನವೂ ಅಳದವಳು ನಾನು. ನನ್ನ ಪರವಾಗಿ ಒಬ್ಬರು ಬಾಯಿ ತೆರೆದದ್ದು ಅದೇ ಮೊದಲು. ಟಾಕಿಯ ಮೇಲೆ ಬಗ್ಗಿದ್ದಂತೆಯೇ ಕಣ್ಣೀರು ಧಾರೆಯಾಗಿ ಇಳಿಯಿತು.

ಕಾಕಾ ನನ್ನ ಮುಖ ನೋಡಲಿಲ್ಲ. ಬಟ್ಟಲನ್ನು ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ಅಳು ಯವ್ವಾ, ಎಷ್ಟ ಬೇಕ ಅಷ್ಟ ಅಳು. ಆದ್ರ ಒಂದೀಟ ಆಕಡಿ ಸರದ ನಿಂದರು. ಇವು ಸೀನೀರಿನ ಮೀನ, ಉಪ್ಪ ತಡಕೊಳ್ಳಂಗಿಲ್ಲ," ಅಂದ.

ನಾನು ನಾಲ್ಕು ಹೆಜ್ಜೆ ಸರಿದು ನಿಂತು, ಮನದಣಿಯೆ ಅತ್ತೆ.