ಹಿಂಗ ಅನ್ನಬಹುದೇನು?

ನಮ್ಮ ಕಾಕಾನಿಗೆ ಮನುಷ್ಯರು ಕಾಣುವುದಿಲ್ಲ, ವಾಕ್ಯಗಳು ಕಾಣುತ್ತವೆ! ನಂಬಿಕೆ ಬರದಿದ್ದರೆ ಬಾಗಲಕೋಟೆಯ ನಮ್ಮ ಮನೆಗೆ ಬಂದು, ಅವನೆದುರು ನಿಂತು "ಅಯ್ಯೋ, ಅಡಗಿಮನಿಗೆ ಬೆಂಕಿ ಬಿದ್ದೈತಿ!" ಎಂದು ಕೂಗಿ ನೋಡಿ. ನೀರಿಗೆ ಓಡುವುದು ಬಿಟ್ಟು, "ನೋಡಿದ್ಯಾ, ಕ್ರಿಯಾಪದ ಕೊನಿಗೇ ಬಂತು!" ಎಂದು ಕನ್ನಡಕ ಮೇಲೇರಿಸುತ್ತಾನೆ. ಇಂಥವನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ ನಮ್ಮ ಕಾಕು, ಮಗಳ ಮದುವೆಯ ದಿನ ಅವನೊಡನೆ ಮಾತು ಬಿಟ್ಟಳು. ತಪ್ಪು ಯಾರದೆಂದು ಪೂರ್ತಿ ಕೇಳಿ ನೀವೇ ಹೇಳಿ.

ಕಾಕಾ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಅವನಿಗಿರುವ ಹುಚ್ಚು ಒಂದೇ. ಯಾವ ಭಾಷೆಯವರು ವಾಕ್ಯವನ್ನು ಹೇಗೆ ಕಟ್ಟುತ್ತಾರೆ ಎಂದು ಒಂದಕ್ಕೊಂದು ತಾಳೆ ನೋಡುವುದು. ಹೊರಗೆ ಎಷ್ಟೇ ಬೇರೆ ಕಂಡರೂ ಎಲ್ಲ ಭಾಷೆಗಳ ಒಳಗಿನ ಹಂದರ ಒಂದೇ ಎಂದು ಅವನ ನಂಬಿಕೆ. ಆ ಹಂದರವನ್ನು ಮರದಂತೆ ಬರೆದು ತೋರಿಸುತ್ತಾನೆ. ಬೇರು ಮೇಲೆ, ಕೊಂಬೆ ಕೆಳಗೆ! ಪೇಪರಿನ ಅಂಚು, ಗುಳಿಗೆಯ ಡಬ್ಬಿ, ಕೊನೆಗೆ ಮಗಳ ಲಗ್ನಪತ್ರಿಕೆಯ ಬೆನ್ನು ಕೂಡ ಬಿಡಲಿಲ್ಲ.

"ಬೇರು ಮ್ಯಾಲ ಮಾಡಿ ಗಿಡ ಹಚ್ಚಿದ್ರ ನೀರು ಎಲ್ಲಿ ಹಾಕೂದ್ರೀ?" ಎಂದು ಕಾಕು ಕೇಳುತ್ತಿದ್ದಳು.

ಹಾಗೆಂದು ಅವಳಿಲ್ಲದೆ ಅವನ ಶಾಸ್ತ್ರ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ಏಕೆಂದರೆ ಈ ಶಾಸ್ತ್ರದ ಪದ್ಧತಿಯೇ ವಿಚಿತ್ರ. ಒಂದು ವಾಕ್ಯ ಕಟ್ಟಬೇಕು, ಆ ಭಾಷೆಯಲ್ಲಿ ಹುಟ್ಟಿ ಬೆಳೆದವರ ಮುಂದೆ ಅದನ್ನು ಆಡಬೇಕು, "ಹಿಂಗ ಅನ್ನಬಹುದೇನು?" ಎಂದು ಕೇಳಬೇಕು. ಅವರು ಒಪ್ಪದಿದ್ದರೆ, ತಪ್ಪೆಂಬ ಗುರುತಿಗೆ, ವಾಕ್ಯದ ತಲೆಗೊಂದು ಚುಕ್ಕಿ ಬೀಳುತ್ತದೆ. ಕಾಕಾನ ಪಾಲಿಗೆ ಸುಪ್ರೀಂ ಕೋರ್ಟು ಎಂದರೆ ಇಳಕಲ್ಲಿನ ಮಗಳಾದ ಕಾಕು. ಅವನು ಪಡಸಾಲೆಯಿಂದ ವಾಕ್ಯ ಎಸೆಯುವುದು, ಅವಳು ರೊಟ್ಟಿ ಬಡಿಯುತ್ತಲೇ "ಅನ್ನಬಹುದು" ಅಥವಾ "ಅನ್ನಂಗಿಲ್ಲ" ಎಂದು ತೀರ್ಪು ಕೊಡುವುದು. ಬೇರೆ ಗಂಡಹೆಂಡಿರು ಪ್ರೀತಿಯ ಮಾತಾಡುತ್ತಾರಂತೆ. ನಮ್ಮ ಮನೆಯಲ್ಲಿ ಇದೇ ಪ್ರೀತಿ!

ಒಮ್ಮೆ ಬಾದಾಮಿಯ ಗುಹೆಗಳ ಮೆಟ್ಟಿಲಲ್ಲಿ ಜಪಾನಿನ ಪ್ರವಾಸಿಯೊಬ್ಬನ ಟೋಪಿಯನ್ನು ಮಂಗ ಕಿತ್ತುಕೊಂಡು ಹೋಯಿತು. ಆತ ಗೋಳಾಡುತ್ತಿದ್ದಾನೆ. ಕಾಕಾ ಮಂಗನನ್ನು ಬೆನ್ನಟ್ಟಿದನೇ? ಎಲ್ಲಿಯ ಮಾತು! ಆತನ ಕೈ ಹಿಡಿದು, "ಮಂಗ ಟೋಪಿ ಒಯ್ತು ಅನ್ನೂದನ್ನ ನಿಮ್ಮ ಭಾಷಾದಾಗ ಹೇಳಪಾ" ಎಂದು ಇಂಗ್ಲಿಷಿನಲ್ಲಿ ಅಂಗಲಾಚಿದ. ಪಾಪ, ಆತ ಅಳುದನಿಯಲ್ಲೇ ಹೇಳಿದ. ಮೊದಲು ಮಂಗ, ಆಮೇಲೆ ಟೋಪಿ, ಕಟ್ಟಕಡೆಗೆ ಒಯ್ದದ್ದು! ಕಾಕಾ ಆತನನ್ನು ತಬ್ಬಿಕೊಂಡು ಊಟಕ್ಕೆ ಮನೆಗೇ ಕರೆತಂದ.

"ನಮ್ಮಂಗ ಕ್ರಿಯಾಪದ ಕೊನಿಗೆ ಇಡ್ತಾರ. ನಮ್ಮವರ ಇವರು!" ಎಂದು ಊಟದ ನಡುವೆ ಪರಿಚಯಿಸಿದ.

"ಕ್ರಿಯಾಪದ ಎಲ್ಲ್ಯರ ಇಡವಲ್ರ್ಯಾಕ, ಚಟ್ನಿ ಖಾರ ಆಗಿ ಅವರ ಕಣ್ಣಾಗ ನೀರು ಬಂದಾವು, ಮೊದಲ ಮಸರು ಹಾಕ್ರಿ" ಎಂದಳು ಕಾಕು.

ಇಷ್ಟೆಲ್ಲ ನಕ್ಕು ನುಂಗಿದವಳು ಮಗಳ ಮದುವೆಯ ದಿನ ನುಂಗಲಿಲ್ಲ. ಮಗಳನ್ನು ಕೊಟ್ಟದ್ದು ಹುನಗುಂದಕ್ಕೆ. ಹುನಗುಂದವೇನು ಸಮುದ್ರದ ಆಚೆ ಇದೆಯೇ? ಆದರೂ ಒಬ್ಬಳೇ ಮಗಳು, ತಾಯಿಯ ಕರುಳು. ಕಳಿಸಿಕೊಡುವ ಹೊತ್ತಿಗೆ ಕಾಕು ಅಳಿಯನ ಎರಡೂ ಕೈ ಹಿಡಿದು, ಅಳುತ್ತಲೇ, "ಅತ್ತರ ಅಳಾಕ ಬಿಡ್ರಿ, ಹಸದು ಮಾತ್ರ ಮಲಗಾಕ ಬಿಡಬ್ಯಾಡ್ರಿ" ಎಂದಳು. ಬೀಗರೂ ಕಣ್ಣೊರೆಸಿಕೊಂಡರು.

"ಏ, ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು!" ಎಂದು ನಡುವೆ ನುಗ್ಗಿದ ನಮ್ಮ ಕಾಕಾ! ಕೈಯಲ್ಲಿ ಪೆನ್ಸಿಲ್ಲು. "ಎಂಥಾ ವಾಕ್ಯ! ಅಳೋರು ಯಾರು, ಮಲಗೋರು ಯಾರು, ಒಬ್ಬರ ಸುದ್ದೀನೂ ಇಲ್ಲ, ಆದ್ರೂ ಎಲ್ಲಾರಿಗೂ ತಿಳೀತು. ಇಂಗ್ಲಿಷ್‌ದಾಗ ಇದು ಸಾಧ್ಯನ ಇಲ್ಲ! ಕರ್ತೃ ಎಲ್ಲಿ ಹೋತು?"

"ನಿಮ್ಮ ಕರ್ತೃ ಹುನಗುಂದಕ್ಕ ಹೊಂಟೈತಿ, ಕಣ್ಣು ತಗದು ನೋಡ್ರಿ!" ಎಂದಳು ಕಾಕು. ಅದೇ ಕೊನೆ. ಅಂದಿನಿಂದ ಅವನೊಡನೆ ಒಂದು ಮಾತಿಲ್ಲ.

ಮಹಡಿಯ ಮೇಲಿರುವ ನಾನು ನಡುವಿನ ಟಪಾಲಿನವನಾದೆ. "ಚಹಾ ಆರಾಕತ್ತೈತಂತ ಹೇಳು" ಎಂದು ಕಾಕು ನನಗೆ ಹೇಳುವಳು. ಕಾಕಾ ಅಲ್ಲೇ ಒಂದು ಮಾರು ದೂರದಲ್ಲಿ ಕೂತಿರುತ್ತಿದ್ದ! ತೀರ್ಪು ಕೊಡುವವರಿಲ್ಲದೆ ವಾಕ್ಯಗಳು ರಾಶಿ ಬಿದ್ದವು. ಕೆರೂರಿನ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವಳ ಮುಂದೆ ಒಂದು ಅಡ್ಡಾದಿಡ್ಡಿ ವಾಕ್ಯ ಹೇಳಿ, "ಹಿಂಗ ಅನ್ನಬಹುದೇನು?" ಎಂದು ಕೇಳಿದ. "ನಿಮ್ಮ ಬಾಯಿ, ಏನರ ಅನ್ರಿ ಸರ. ಎಷ್ಟು ಹಾಕ್ಲಿ ಅದನ್ನ ಹೇಳ್ರಿ" ಎಂದಳು ಆಕೆ. ಬರುವಾಗ ಬಸ್ಸಿನ ಕಂಡಕ್ಟರನನ್ನು ಕೇಳಿದ. ಅವನು ಎಲ್ಲದಕ್ಕೂ "ಮುಂದಕ್ಕ ಸರೀರಿ" ಎಂದ. ಹೀಗಾದರೆ ಶಾಸ್ತ್ರ ಬೆಳೆಯುವುದು ಹೇಗೆ?

"ನಾ ಏನು ತಪ್ಪು ಮಾಡೇನಿ?" ಎಂದು ಒಂದು ಸಂಜೆ ನನ್ನನ್ನೇ ಕೇಳಿದ. "ಅಕಿ ಆಡಿದ್ದು ಭಾಳ ಚಂದಿತ್ತು. ಚಂದೈತಿ ಅಂದೆ. ಅದು ತಪ್ಪೇನು?"

ನನಗೆ ಸಿಟ್ಟೇ ಬಂತು. "ಕಾಕಾ, ಕಾಕು ಆವಾಗ ಅಳಾಕತ್ತಿದ್ದಳು. ಅದು ನಿನಗ ಕಾಣಲಿಲ್ಲೇನು?"

ಅವನು ನನ್ನನ್ನೇ ನೋಡಿದ. ಖರೆ ಹೇಳುತ್ತೇನೆ, ಆ ಮನುಷ್ಯನಿಗೆ ಕಂಡಿರಲಿಲ್ಲ. ಮಗಳು ಹೋಗುತ್ತಿದ್ದುದನ್ನು ನೋಡಲು ಧೈರ್ಯವಿಲ್ಲದೆ ಅವನು ಆ ವಾಕ್ಯವನ್ನು ಹಿಡಿದುಕೊಂಡಿದ್ದ ಎಂದು ನನಗೂ ಆಗಲೇ ಹೊಳೆದದ್ದು. ಕಾಕಾ ಎದ್ದ. ಪೆನ್ಸಿಲ್ಲು ಅಲ್ಲೇ ಬಿದ್ದಿತ್ತು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಒಂದು ವಾಕ್ಯ ಐತಿ" ಎಂದ.

ಕಾಕು ತಿರುಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇತ್ತು.

"ಹುಡುಗಿ ಇಲ್ದ ಮನಿ ಭಣಭಣ ಅಂತೈತಿ. ನನಗೂ ಅಳು ಬರ್ತೈತಿ." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಹಿಂಗ… ಹಿಂಗ ಅನ್ನಬಹುದೇನು?"

ಸಪ್ಪಳ ನಿಂತಿತು.

"ಅನ್ನಬಹುದು" ಎಂದಳು ಕಾಕು, ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ. "ಅವತ್ತ ಅನ್ನಬೇಕಿತ್ರಿ."

ಕಾಕಾ ಹೊಸ್ತಿಲ ಮೇಲೆ ಕುಸಿದು ಕೂತು ಕೂಸಿನಂತೆ ಅತ್ತ. ಕಾಕು ಒಲೆ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಸಮಾಧಾನ ಹೇಳಲು ಹೋದ ನನಗೆ ಅವಳು ಅಳಿಯನಿಗೆ ಹೇಳಿದ್ದು ನೆನಪಾಯಿತು. ಅಳುವವರನ್ನು ಅಳಲು ಬಿಟ್ಟು, ಅವರನ್ನು ದಾಟಿ ಒಳಗೆ ಹೋಗಿ, ಹೆಂಚಿನ ಮೇಲೆ ಹೊತ್ತುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಇಬ್ಬರಿಗೂ ತಾಟು ಇಟ್ಟೆ.